ಕೊನೆಭಾಗಕ್ಕೆ ಬಾರದ ನೀರಿನ ಲೆಕ್ಕ

ಶ್ರಾವಣದಲ್ಲಿ ಆನೆಕೊಂಡದ ಬಸವೇಶ್ವರನ ಕಾರಣಿಕ, ಅಂದರೆ ವರ್ಷದ ಭವಿಷ್ಯನುಡಿ, ಆಗುತ್ತದೆ. ಈ ವರ್ಷ ಮಳೆ ಹೇಗೆ, ಬೆಳೆ ಹೇಗೆ, ಪೇಟೆ ಧಾರಣೆ ಹೇಗೆ ಎಂದು ಸುತ್ತಲ ಹಳ್ಳಿಯವರು ಆ ಒಂದು ನುಡಿಯನ್ನು ಹಿಡಿದು ದಿನಗಟ್ಟಲೆ ಅರ್ಥ ಬಿಡಿಸುತ್ತಾರೆ. ಅದೇ ಹೊತ್ತಿಗೆ ಇವರೆಲ್ಲ ಇನ್ನೊಂದು ಮಾತಿಗೂ ಕಾದಿರುತ್ತಾರೆ. ಭದ್ರಾ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ನಾಲೆಗೆ ಎಂದಿನಿಂದ ನೀರು, ಎಷ್ಟು ದಿನ ನೀರು ಎಂದು ಹೇಳಬೇಕು. ಜುಲೈ-ಆಗಸ್ಟ್‌ನಲ್ಲಿ ದಾವಣಗೆರೆ, ಹರಿಹರದ ಯಾವ ಹಳ್ಳಿಯ ಕಟ್ಟೆಗೆ ಹೋಗಿ ಕೂತರೂ ಮೊದಲು ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಡ್ಯಾಮ್ ಎಷ್ಟ್ ಅಡಿ ಆಗೇತಿ?’ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ 186 ಅಡಿ ನೀರು ನಿಂತರೆ ಜಲಾಶಯ ಭರ್ತಿ. ಆ ಸಂಖ್ಯೆಗೆ ಎಷ್ಟು ಕಡಿಮೆ ಬಿತ್ತೋ ಅಷ್ಟು ಈ ಜಿಲ್ಲೆಯ ವರ್ಷದ ವ್ಯವಹಾರ ಕುಗ್ಗುತ್ತದೆ.

ಹವಾಮಾನ ಬದಲಾವಣೆಯಿಂದ ಬೆಳೆಗಾದ ಆರ್ಥಿಕ ಪೆಟ್ಟು ಎಂದರೆ ಸಾಮಾನ್ಯವಾಗಿ ಚಹಾ, ಕಾಫಿ, ದ್ರಾಕ್ಷಿಯ ಉದಾಹರಣೆ ಬರುತ್ತದೆ. ಚಹಾದ್ದು ನಿಜಕ್ಕೂ ಕಲಿಯುವಂಥ ಉದಾಹರಣೆ. 2023ರಲ್ಲಿ ದೇಶದಲ್ಲಿ ಸುಮಾರು 139 ಕೋಟಿ ಕಿಲೋ ಚಹಾ ಆಗಿತ್ತು. 2024ರಲ್ಲಿ ಅದು ಸುಮಾರು 128 ಕೋಟಿ ಕಿಲೋಗೆ ಇಳಿಯಿತು. ವರ್ಷದ ಮೊದಲ ತಿಂಗಳುಗಳ ಬಿಸಿಲು, ಒಣಹವೆ, ಆಮೇಲೆ ಅಸ್ಸಾಮಿನ ಪ್ರವಾಹ, ಕೊನೆಗೆ ನವೆಂಬರ್ 30ಕ್ಕೇ ಎಲೆ ಕೀಳುವುದನ್ನು ನಿಲ್ಲಿಸಿ ಎಂಬ ಚಹಾ ಮಂಡಳಿಯ ಆದೇಶ, ಎಲ್ಲ ಸೇರಿ ಹೀಗಾಯಿತು. ಆದರೆ ಅದೇ ವರ್ಷ ಸರಾಸರಿ ದರ ಶೇ 18ರಷ್ಟು ಏರಿ ಕಿಲೋಗೆ 199 ರೂಪಾಯಿ ಹತ್ತಿರ ಬಂತು. ಇಳುವರಿಯನ್ನು ದರದಿಂದ ಗುಣಿಸಿ ನೋಡಿ: ಎಲೆ ಕಡಿಮೆಯಾದ ವರ್ಷವೇ ಒಟ್ಟು ಮೌಲ್ಯ ಹೆಚ್ಚು. ಹಾಗಾದರೆ ನಷ್ಟ ಆಗಲೇ ಇಲ್ಲವೇ? ಆಗಿದೆ. ಎಲೆ ಉಳಿಸಿಕೊಂಡ ತೋಟಕ್ಕೆ ಲಾಭ ಬಂತು, ಎಲೆ ಸುಟ್ಟುಹೋದ ತೋಟಕ್ಕೆ ಏರಿದ ದರದಿಂದ ಏನೂ ಸಿಗಲಿಲ್ಲ. ಒಟ್ಟು ಲೆಕ್ಕದೊಳಗೆ ಆ ತೋಟದ ನಷ್ಟ ಮುಚ್ಚಿಹೋಯಿತು.

ದಾವಣಗೆರೆಯಲ್ಲಿ ಚಹಾ ತೋಟಗಳಿಲ್ಲ. ಕರ್ನಾಟಕಕ್ಕೇ ದೇಶದ ಚಹಾದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಚಿಕ್ಕಮಗಳೂರು, ಕೊಡಗು, ಹಾಸನದ ಕೆಲವೇ ಎಸ್ಟೇಟ್‌ಗಳಲ್ಲಿ ಬೆಳೆಯುತ್ತಾರೆ. ಆದರೆ ಒಟ್ಟು ಲೆಕ್ಕದಲ್ಲಿ ಕೆಲವರ ನಷ್ಟ ಮುಚ್ಚಿಹೋಗುವ ಈ ಸಂಗತಿ ಭದ್ರಾ ಅಚ್ಚುಕಟ್ಟಿನಲ್ಲಿ ಚಹಾಕ್ಕಿಂತ ಹೆಚ್ಚು ಕಟುವಾಗಿ ನಡೆಯುತ್ತಿದೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೇನೆ.

ದಾವಣಗೆರೆ ಸುತ್ತ ವರ್ಷಕ್ಕೆ ಬೀಳುವ ಮಳೆ ಆರೇಳು ನೂರು ಮಿಲಿಮೀಟರ್. ಇದನ್ನು ನಂಬಿ ಜೋಳ, ಹತ್ತಿ, ಶೇಂಗಾ ಬೆಳೆಯಬಹುದು, ಭತ್ತ ಬೆಳೆಯಲಾಗದು. ಹತ್ತಿ ಬೆಳೆದದ್ದರಿಂದಲೇ ಇಲ್ಲಿ ಗಿರಣಿಗಳು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದದ್ದು. ಭತ್ತ ಬಂದದ್ದು ನಾಲೆಯ ಜೊತೆಗೆ. 1947ರಲ್ಲಿ ಶುರುವಾದ ಭದ್ರಾ ಯೋಜನೆ ಅರವತ್ತರ ದಶಕದ ನಡುವೆ ಮುಗಿಯಿತು. ಜಲಾಶಯದ ಸಾಮರ್ಥ್ಯ 71.5 ಟಿಎಂಸಿ, ಅಚ್ಚುಕಟ್ಟು ಒಂದು ಲಕ್ಷ ಐದು ಸಾವಿರ ಹೆಕ್ಟೇರ್‌ಗೂ ಮಿಗಿಲು. ಬಲದಂಡೆ ನಾಲೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಮಲೇಬೆನ್ನೂರು ಶಾಖಾ ನಾಲೆ, ದಾವಣಗೆರೆ ಶಾಖಾ ನಾಲೆಗಳಾಗಿ ಒಡೆದು, ಉಪನಾಲೆ, ತೂಬು, ಹೊಲಗಾಲುವೆಗಳನ್ನು ದಾಟಿ ಗದ್ದೆಗೆ ಬರುತ್ತದೆ. ಹರಿಹರ ಮತ್ತು ದಾವಣಗೆರೆ ತಾಲ್ಲೂಕುಗಳ ಬಹಳಷ್ಟು ಹಳ್ಳಿಗಳು ಈ ಹರಿವಿನ ಕೊನೆಗಿವೆ. ಆಡುಮಾತಿನಲ್ಲಿ ಅದಕ್ಕೆ ಕೊನೆಭಾಗ ಅಂತಲೇ ಹೆಸರು.

ಈ ನೀರಿನ ಮೂಲ ಎಲ್ಲಿದೆ ಎಂಬುದನ್ನು ಮರೆಯಬಾರದು. ಭದ್ರೆ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಕುದುರೆಮುಖ, ಕಳಸ, ಬಾಳೆಹೊನ್ನೂರಿನ ಕಡೆ ಸುರಿದದ್ದು ಲಕ್ಕವಳ್ಳಿಗೆ ಬರುತ್ತದೆ. ಜಲಾನಯನ ಪ್ರದೇಶ ಎರಡು ಸಾವಿರ ಚದರ ಕಿಲೋಮೀಟರ್‌ಗಿಂತ ತುಸು ಕಡಿಮೆ. ಒಂದು ಜಿಲ್ಲೆಯ ಅಕ್ಕಿ, ಮಂಡಕ್ಕಿ, ಮೇವು, ಕೂಲಿ, ಅಂಗಡಿ ವ್ಯಾಪಾರ ಎಲ್ಲವೂ ಇಷ್ಟೇ ಜಾಗದ ಮೇಲೆ ಎರಡು ತಿಂಗಳು ಸುರಿಯುವ ಮಳೆಯನ್ನು ನೆಚ್ಚಿಕೊಂಡಿದೆ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಮಲೆನಾಡಿನಲ್ಲಿ ಕೈಕೊಟ್ಟರೆ ದಾವಣಗೆರೆಯ ಮೇಲೆ ಎಷ್ಟೇ ಹದವಾದ ಮಳೆ ಬಿದ್ದರೂ ನಾಲೆ ತುಂಬುವುದಿಲ್ಲ.

ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಗಾಳಿಗೆ ಹೆಚ್ಚು ನೀರು ಹೊರುವ ಶಕ್ತಿ ಬಂದರೆ ಸುರಿಯುವಾಗ ಜೋರಾಗಿ ಸುರಿಯುತ್ತದೆ, ಸುರಿಯದಿದ್ದಾಗ ನೆಲವನ್ನು ಬೇಗ ಒಣಗಿಸುತ್ತದೆ. ಮುಂಗಾರಿನ ಒಟ್ಟು ಮೊತ್ತ ಹೆಚ್ಚಾಗಬಹುದು, ಆದರೆ ವರ್ಷದಿಂದ ವರ್ಷಕ್ಕೆ ಏರುಪೇರು ಕೂಡ ಹೆಚ್ಚಾಗುತ್ತದೆ ಎಂದು 2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ದಕ್ಷಿಣ ಏಷ್ಯಾದ ಬಗ್ಗೆ ಹೇಳಿದೆ. ಜಲಾಶಯ ನೆಚ್ಚಿದವರಿಗೆ ಇದು ಸರಾಸರಿ ಮಳೆ ಕಡಿಮೆಯಾಗುವುದಕ್ಕಿಂತ ದೊಡ್ಡ ತೊಂದರೆ. ತುಂಬಿದ ಮೇಲೆ ಬಂದ ನೀರು ಗೇಟು ದಾಟಿ ನದಿಗೆ ಹೋಗುತ್ತದೆ. ಈ ವರ್ಷದ ಹೆಚ್ಚಳವನ್ನು ಮುಂದಿನ ವರ್ಷದ ಕೊರತೆಗೆ ಎತ್ತಿಡಲು ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಹರಿಹರ, ಹೊನ್ನಾಳಿಯಲ್ಲಿ ತುಂಗಭದ್ರೆ ಮನೆಗಳಿಗೆ ನುಗ್ಗಿತ್ತು. ನಾಲ್ಕು ವರ್ಷ ಕಳೆದು 2023ರ ಆಗಸ್ಟ್‌ನಲ್ಲಿ ಆಕಾಶ ಖಾಲಿ. ಮರುವರ್ಷ ಜುಲೈ ಮುಗಿಯುವ ಹೊತ್ತಿಗೆ ಭದ್ರೆ ಮತ್ತೆ ತುಂಬಿ ಗೇಟು ತೆಗೆದರು. 2023ರ ಬರಕ್ಕೆ ಎಲ್‌ನಿನೊ ಕಾರಣವೆಂಬುದು ನಿಜ, ಒಂದು ವರ್ಷದ ಬರವನ್ನು ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯೂ ಅಲ್ಲ. ಆದರೆ ಎಲ್‌ನಿನೊ ವರ್ಷ ಮೊದಲೂ ಬರುತ್ತಿತ್ತು. ಈಗ ಅದು ಬರುವುದು ಹೆಚ್ಚು ಬಿಸಿಯಾದ ನೆಲದ ಮೇಲೆ, ಒಂದು ಬೇಸಿಗೆಯೂ ನೀರು ತಪ್ಪಿಸಲಾಗದ ಬೆಳೆಗಳ ಮೇಲೆ.

2023ರಲ್ಲಿ ನಡೆದದ್ದನ್ನು ತುಸು ಹತ್ತಿರದಿಂದ ನೋಡೋಣ. 1901ರಿಂದ ದಾಖಲೆ ಇಟ್ಟ ಮೇಲೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆ ತಿಂಗಳ ಆರಂಭದಲ್ಲಿ, ಮುಂದೆ ಮಳೆ ಬಂದೀತೆಂಬ ಲೆಕ್ಕದಲ್ಲಿ, ಮುಂಗಾರು ಬೆಳೆಗೆಂದು ನಾಲೆಗೆ ನೀರು ಬಿಟ್ಟರು. ಕೊನೆಭಾಗದವರು ಸಸಿಮಡಿ ಬಿಟ್ಟರು, ನಾಟಿ ಮಾಡಿದರು, ಗೊಬ್ಬರಕ್ಕೆ ಸಾಲ ತೆಗೆದರು. ಆಶ್ಲೇಷ ಬರಲಿಲ್ಲ, ಮಘೆ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ, ಉಳಿದ ನೀರನ್ನು ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ, ಎಲ್ಲರೂ ‘ಆನ್ ಅಂಡ್ ಆಫ್’ ಎನ್ನುವ ಪದ್ಧತಿಯ ಮಾತು ಬಂತು. ಸತತ ನೂರು ದಿನ ನೀರು ಕೊಡಿ ಎಂದು ರೈತರು ರಸ್ತೆಗಿಳಿದರು, ದಾವಣಗೆರೆ ಬಂದ್‌ಗೆ ಕರೆ ಕೊಟ್ಟರು. ಆ ಸಿಟ್ಟಿಗೆ ಕಾರಣ ನಾಲೆಯ ಕೊನೆಯಲ್ಲಿ ನಿಂತವರಿಗಷ್ಟೇ ಪೂರ್ತಿ ಗೊತ್ತು. ನಿಂತ ನಾಲೆಗೆ ಮತ್ತೆ ನೀರು ಬಿಟ್ಟರೆ ಅದು ನೂರು ಕಿಲೋಮೀಟರ್ ಹಾಸಿಗೆಯನ್ನು ಮೊದಲು ನೆನೆಸಬೇಕು, ದಾರಿಯಲ್ಲಿನ ಒಣಗಿದ ಉಪನಾಲೆಗಳನ್ನು ತುಂಬಬೇಕು. ಮೇಲ್ಭಾಗದ ಗದ್ದೆಗೆ ಮೊದಲ ದಿನವೇ ನೀರು ಸಿಗುತ್ತದೆ. ಕೊನೆಭಾಗದ ತೂಬಿಗೆ ಅದು ಬಂದು ಮುಟ್ಟುವ ಹೊತ್ತಿಗೆ ‘ಆಫ್’ ದಿನ ಹತ್ತಿರವಾಗಿರುತ್ತದೆ. ಕಾಗದದ ಮೇಲೆ ಎಲ್ಲರಿಗೂ ಸಮ ದಿನ, ನೆಲದ ಮೇಲೆ ಹಾಗಲ್ಲ.

ಬಲದಂಡೆ ನಾಲೆಗೆ ಎರಡೂವರೆ ಸಾವಿರ ಕ್ಯುಸೆಕ್ ನೀರು ಹರಿದರೆ ದಿನಕ್ಕೆ 0.2 ಟಿಎಂಸಿಗೆ ತುಸು ಮಿಗಿಲು ಖರ್ಚು. ನೂರು ದಿನಕ್ಕೆ ಇಪ್ಪತ್ತೊಂದು ಇಪ್ಪತ್ತೆರಡು ಟಿಎಂಸಿ. ವರ್ಷಕ್ಕೆ ಎರಡು ಬೆಳೆ ಎಂದರೆ ಅದರ ಎರಡರಷ್ಟು. ಇದರ ಮೇಲೆ ಕುಡಿಯುವ ನೀರು, ನದಿಪಾತ್ರಕ್ಕೆ ಬಿಡುವ ನೀರು, ಆವಿಯಾಗುವ ನೀರು. ಜಲಾಶಯ ತುಂಬಿದ ವರ್ಷ ಇದೆಲ್ಲ ಸರಿದೂಗುತ್ತದೆ. ಅರ್ಧ ಮುಕ್ಕಾಲಿಗೆ ನಿಂತ ವರ್ಷ ಏನನ್ನಾದರೂ ಬಿಡಲೇಬೇಕು. ಮೊದಲು ಕೈಬಿಡುವುದು ಬೇಸಿಗೆ ಭತ್ತವನ್ನು. 2024ರ ಬೇಸಿಗೆಯಲ್ಲಿ ನಿಂತ ಅಡಿಕೆ ತೋಟಗಳನ್ನು ಉಳಿಸಿಕೊಳ್ಳುವಷ್ಟೇ ನೀರು, ಭತ್ತ ನಾಟಿ ಮಾಡಬೇಡಿ ಎಂದಾಯಿತು. ಆ ವರ್ಷ ಹರಿಹರದ ಕಡೆ ಎಷ್ಟೋ ಗದ್ದೆ ಬೀಳು ಬಿತ್ತು.

ಬಿಸಿಲಿನ ಪೆಟ್ಟು ನೀರಿದ್ದ ವರ್ಷವೂ ಇದೆ. ಭತ್ತ ಹೂ ಬಿಡುವಾಗ ಗಾಳಿಯ ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ಸಾಯುತ್ತದೆ, ಕಾಳು ಕಟ್ಟದೆ ಜೊಳ್ಳಾಗುತ್ತದೆ. ಹೂ ಬಿರಿಯುವುದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ. ಜನವರಿಯಲ್ಲಿ ನಾಟಿ ಮಾಡಿದ ಭತ್ತ ಹೊಡೆ ಬಿಚ್ಚುವುದು ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ. ಇಲ್ಲಿನ ಬಿಸಿಲು ಆ ಮಿತಿಯನ್ನು ದಾಟುವ ದಿನಗಳಲ್ಲೇ. ಸಲಹಾ ಸಮಿತಿಯ ಸಭೆ ತಡವಾಗಿ ನೀರು ಹದಿನೈದು ದಿನ ತಡವಾದರೆ ಹೂವು ಏಪ್ರಿಲ್ ನಡುವಿನ ಬಿಸಿಲಿಗೆ ಸಿಕ್ಕಿಬೀಳುತ್ತದೆ. ರಾತ್ರಿಯ ಸೆಕೆಯೂ ಕಡಿಮೆ ಕೆಟ್ಟದ್ದಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ಅಳೆದು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ರಾತ್ರಿಯ ಕನಿಷ್ಠ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ಶೇ 10 ಇಳಿಯುತ್ತದೆ. ರಾಶಿ ಮಾಡುವಾಗ ಗದ್ದೆಯವನ ಕಣ್ಣಿಗೆ ಬೀಳುವುದು ಚೀಲಗಳ ಸಂಖ್ಯೆ ಮಾತ್ರ. ಎಕರೆಗೆ ಎರಡು ಮೂರು ಚೀಲ ಕಡಿಮೆ ಬಂದರೆ ಬೀಜ ಸರಿಯಿರಲಿಲ್ಲ, ಗೊಬ್ಬರ ಕಲಬೆರಕೆ ಎಂದು ಬೈದುಕೊಂಡು ಸುಮ್ಮನಾಗುತ್ತಾರೆ.

ಇನ್ನು ಅಡಿಕೆಗೆ ಬರುತ್ತೇನೆ. ಈ ಕಥೆಯ ಗಟ್ಟಿ ಭಾಗ ಇದೇ. 2023-24ರಲ್ಲಿ ಸಾಧಾರಣ ಭತ್ತಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,183 ರೂಪಾಯಿ. ಎಕರೆಗೆ ಇಪ್ಪತ್ತೈದು ಕ್ವಿಂಟಲ್ ಬಂದರೂ ಕೈಗೆ ಬರುವುದು ಐವತ್ತೈದು ಸಾವಿರದೊಳಗೆ. ಅದರಲ್ಲಿ ಉಳುಮೆ, ನಾಟಿ, ಗೊಬ್ಬರ, ಔಷಧ, ಕಟಾವು ಯಂತ್ರದ ಬಾಡಿಗೆ ಕಳೆಯಬೇಕು. ಅದೇ ಕಾಲಕ್ಕೆ ರಾಶಿ ಅಡಿಕೆಯ ಧಾರಣೆ ಕ್ವಿಂಟಲ್‌ಗೆ ಐವತ್ತು ಸಾವಿರದ ಆಸುಪಾಸು. ಚೆನ್ನಾಗಿ ಬಂದ ತೋಟದಲ್ಲಿ ಎಕರೆಗೆ ಎಂಟು ಕ್ವಿಂಟಲ್ ಒಣ ಅಡಿಕೆ ಎಂದು ಹಿಡಿದರೆ ನಾಲ್ಕು ಲಕ್ಷ. ಮೇಲಾಗಿ ಖೇಣಿದಾರ ಬಂದು ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿದು ಮುಂಗಡ ಎಣಿಸಿ ಹೋಗುತ್ತಾನೆ. ನಾಟಿಗೆ ಆಳು ಹುಡುಕುವ ತಾಪತ್ರಯ ಇಲ್ಲ. ಚನ್ನಗಿರಿಯಲ್ಲಿ ತುಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಸಹಕಾರ ಸಂಘ ಬೆಳೆದು ನಿಂತಿದೆ. ಇಷ್ಟೆಲ್ಲ ಕಣ್ಣೆದುರು ಇರುವಾಗ ಗದ್ದೆಯ ಬದುವಿನೊಳಗೆ ಅಡಿಕೆ ಸಸಿ ಇಟ್ಟವರನ್ನು ತಪ್ಪು ಹಿಡಿಯಲು ನನಗೆ ಮನಸ್ಸಿಲ್ಲ. ಚನ್ನಗಿರಿಯಿಂದ ಶುರುವಾದದ್ದು ಈಗ ಹರಿಹರ, ದಾವಣಗೆರೆಯ ಕೊನೆಭಾಗದವರೆಗೂ ಬಂದಿದೆ. ಎಷ್ಟೋ ಜನ ಅಡಿಕೆ ಹಾಕಿದ್ದು ನೀರಿನ ಭಯದಿಂದಲೇ: ‘ಭತ್ತಕ್ಕೆ ನೀರು ಸಾಲಲ್ಲ, ತೋಟವಾದರೆ ಬೋರಿನ ಮೇಲಾದರೂ ಉಳಿಯುತ್ತದೆ’ ಎಂದು.

ಒಬ್ಬೊಬ್ಬರ ಲೆಕ್ಕ ಸರಿಯೇ. ಎಲ್ಲರದ್ದೂ ಸೇರಿದಾಗ ಅಚ್ಚುಕಟ್ಟಿಗೆ ಇದ್ದ ಒಂದು ದೊಡ್ಡ ಅನುಕೂಲ ಕೈತಪ್ಪಿತು. ಭತ್ತ ಒಂದು ಹಂಗಾಮಿನ ಬೆಳೆ. ನೀರಿಲ್ಲದ ವರ್ಷ ಅದನ್ನು ಬಿಡಬಹುದು, ಮುಂದಿನ ವರ್ಷ ಮತ್ತೆ ಹಾಕಬಹುದು. ಅಡಿಕೆಯನ್ನು ಒಂದು ಬೇಸಿಗೆ ಬಿಡಲು ಬರುವುದಿಲ್ಲ. ಸಸಿ ಇಟ್ಟು ಫಸಲಿಗೆ ಐದಾರು ವರ್ಷ ಕಾಯಬೇಕು. ಮರ ಒಣಗಿದರೆ ಆ ಐದಾರು ವರ್ಷವೂ ಅದರ ಮೇಲಿನ ಸಾಲವೂ ಒಟ್ಟಿಗೆ ಹೋದವು. ಚಹಾ ಗಿಡದ್ದೂ ಇದೇ ಕಷ್ಟ. ಹತ್ತಾರು ವರ್ಷ ನಿಲ್ಲುವ ಬೆಳೆ ನೆಟ್ಟವನು ಹತ್ತಾರು ವರ್ಷದ ಹವೆಯ ಮೇಲೆ ಮುಂಗಡವಾಗಿ ದುಡ್ಡು ಕಟ್ಟಿದ ಹಾಗೆ. ಹೀಗೆ ಅಚ್ಚುಕಟ್ಟಿನಲ್ಲಿ ಬಿಡಲಾಗದ ಬೇಡಿಕೆ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಬಿಡಬಹುದಾದ ಬೇಡಿಕೆ ಕುಗ್ಗಿತು. ಮಳೆ ಹೆಚ್ಚು ಹೆಚ್ಚು ಅನಿಶ್ಚಿತವಾಗುತ್ತಿರುವ ಕಾಲದಲ್ಲೇ ನಾವು ಹೆಚ್ಚು ಹೆಚ್ಚು ನಿಶ್ಚಿತವಾದ ನೀರು ಬೇಡುವ ಬೆಳೆಯ ಕಡೆ ಹೋದೆವು.

ಒಂದು ಎಕರೆ ತೋಟದಲ್ಲಿ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ ಹದಿನೆಂಟು ಲೀಟರ್ ಎಂದು ಹಿಡಿದರೂ ಹತ್ತು ಸಾವಿರ ಲೀಟರ್ ಬೇಕು. 2024ರ ಮಾರ್ಚ್-ಏಪ್ರಿಲ್‌ನಲ್ಲಿ ಚನ್ನಗಿರಿ ಕಡೆ ಬೋರುಗಳು ಬತ್ತಿದಾಗ ಟ್ಯಾಂಕರ್ ನೀರು ಕೊಂಡು ಮರ ಉಳಿಸಿದರು. ಟ್ರ್ಯಾಕ್ಟರ್ ಟ್ಯಾಂಕರ್‌ಗೆ ಐದು ಸಾವಿರ ಲೀಟರ್ ಎಂದರೆ ಎಕರೆಗೆ ದಿನಕ್ಕೆ ಎರಡು ಟ್ಯಾಂಕರ್. ಮೂರು ತಿಂಗಳಿಗೆ ನೂರ ಎಂಬತ್ತು. ಯಾರೂ ಅಷ್ಟು ತರಿಸಲಾರರು. ಬುಡಕ್ಕೆ ಗರಿ, ಸಿಪ್ಪೆ ಮುಚ್ಚಿ, ದಿನ ಬಿಟ್ಟು ದಿನ, ವಾರಕ್ಕೊಮ್ಮೆ, ಮರ ಸಾಯದಷ್ಟು ಕೊಟ್ಟರು. ಹೀಗೆ ಬದುಕಿದ ಮರ ಹಿಂಗಾರ ಒಣಗಿಸುತ್ತದೆ, ಹರಳು ಉದುರಿಸುತ್ತದೆ. ಮರುವರ್ಷ ಡ್ಯಾಮ್ ತುಂಬಿ ಹರಿದರೂ ಫಸಲು ಕಡಿಮೆ. ಬರ ಒಂದು ವರ್ಷದ್ದು, ನಷ್ಟ ಎರಡು ವರ್ಷದ್ದು. ಟ್ಯಾಂಕರ್‌ಗೆ, ಹೊಸ ಬೋರಿಗೆ ಮಾಡಿದ ಸಾಲ ಅದಕ್ಕಿಂತ ಮುಂದಕ್ಕೂ ಹೋಗುತ್ತದೆ.

ನ್ಯಾಯವಾಗಿ ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಒಂದು ಎಕರೆ ಭತ್ತಕ್ಕೆ ಒಂದು ಹಂಗಾಮಿಗೆ 1,200 ಮಿಲಿಮೀಟರ್ ನೀರು ಎಂದರೆ ನಲವತ್ತೆಂಟು ಲಕ್ಷ ಲೀಟರ್. ಹನಿ ನೀರಾವರಿಯಲ್ಲಿರುವ ಒಂದು ಎಕರೆ ಅಡಿಕೆಗೆ ಬೇಸಿಗೆಯ ಮೂರು ತಿಂಗಳಿಗೆ ಒಂಬತ್ತು ಲಕ್ಷ ಲೀಟರ್ ಸಾಕು. ಹಾಗಾಗಿ ಬರದ ವರ್ಷ ಭತ್ತ ಬಿಟ್ಟು ತೋಟ ಉಳಿಸಿ ಎಂಬ ತೀರ್ಮಾನ ನೀರಿನ ಲೆಕ್ಕದಲ್ಲಿ ತಪ್ಪಲ್ಲ. ನನ್ನ ತಕರಾರು ಇರುವುದು ಆ ತೀರ್ಮಾನದ ಬೆಲೆಯನ್ನು ಯಾರಿಂದ ಕಟ್ಟಿಸುತ್ತಿದ್ದೇವೆ ಎಂಬುದರ ಬಗ್ಗೆ. ತೋಟ ಉಳಿಯಿತು, ಸಂತೋಷ. ಅದು ಉಳಿದದ್ದು ಕೊನೆಭಾಗದ ಗದ್ದೆಯವನು ನಾಟಿ ಬಿಟ್ಟದ್ದರಿಂದ. ಅವನಿಗೆ ಏನು ಸಿಕ್ಕಿತು?

ಒಂದು ಲಕ್ಷ ಎಕರೆ ಬೇಸಿಗೆ ಭತ್ತ ಬೀಳು ಬಿತ್ತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಎಕರೆಗೆ ಇಪ್ಪತ್ತೈದು ಕ್ವಿಂಟಲ್‌ನಂತೆ, ಆ ವರ್ಷದ ಬೆಂಬಲ ಬೆಲೆಯಲ್ಲಿ, 545 ಕೋಟಿ ರೂಪಾಯಿಯ ಭತ್ತ ಮಾರುಕಟ್ಟೆಗೆ ಬರಲಿಲ್ಲ. ಇದು ಗದ್ದೆಯವನ ಲೆಕ್ಕ ಮಾತ್ರ. ನಾಟಿಗೆ ಗುಂಪು ಕಟ್ಟಿಕೊಂಡು ಎಕರೆ ಗುತ್ತಿಗೆ ಹಿಡಿಯುವ ಹೆಣ್ಣುಮಕ್ಕಳಿಗೆ ಜನವರಿಯ ಕೂಲಿ ಇಲ್ಲ. ಹುಲ್ಲಿಲ್ಲದೆ ಎಮ್ಮೆ, ಹಸುವನ್ನು ಸಂತೆಗೆ ಹೊಡೆಯಬೇಕು, ಹಾಲಿನ ಡೇರಿಗೆ ಹಾಲು ಕಡಿಮೆ. ರೈಸ್ ಮಿಲ್ಲುಗಳಿಗೆ ಪಾಳಿ ಕಡಿಮೆ, ಹಮಾಲರಿಗೆ ಮೂಟೆ ಕಡಿಮೆ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ ಹಳ್ಳಿಯವರ ಬಾಕಿ ಪುಸ್ತಕ ದಪ್ಪವಾಗುತ್ತದೆ. ತೋಟದಲ್ಲಿ ಕೆಲಸ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಅಡಿಕೆ ಕೊನೆ ಕೊಯ್ಯುವವರ, ಸುಲಿಯುವವರ ಕೆಲಸ, ಫಸಲಿನ ಕಾಲದ್ದು. ಬೇಸಿಗೆಯ ನಾಟಿ ಕೂಲಿಗೆ ಅದು ಬದಲಿಯಲ್ಲ.

ಮಂಡಕ್ಕಿ ಭಟ್ಟಿಗಳ ಮಾತು ಹೇಳದೆ ದಾವಣಗೆರೆಯ ಭತ್ತದ ಮಾತು ಮುಗಿಯುವುದಿಲ್ಲ. ಸಂಜೆ ಮಿರ್ಚಿ ಮಂಡಕ್ಕಿ, ಮೇಲೊಂದು ಚಹಾ ಇಲ್ಲದೆ ಈ ಊರಿಗೆ ದಿನ ಸಾಗದು. ಆ ಮಂಡಕ್ಕಿಯ ಹಿಂದಿನ ಕೆಲಸ ಕಂಡವರು ಕಡಿಮೆ. ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು, ಹುರಿಯಬೇಕು, ಬಯಲಿನಲ್ಲಿ ಹರವಿ ಕಾಲಲ್ಲಿ ಎಳೆದಾಡಿ ಒಣಗಿಸಬೇಕು. ಮಿಲ್ಲಿಗೆ ಹಾಕಿ ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಮತ್ತೆ ಕಾಯಿಸಿ, ಕಾದ ಮರಳಿಗೆ ಸುರಿದರೆ ಒಂದು ಉಸಿರಿನಲ್ಲಿ ಅರಳುತ್ತದೆ. ಹದ ಒಂದಿಷ್ಟು ತಪ್ಪಿದರೂ ಅರಳದೆ ಗಟ್ಟಿ ಕಾಳಾಗಿ ಉಳಿಯುತ್ತದೆ. ಭಟ್ಟಿಯ ಬೆಂಕಿಯ ಮುಂದೆ ನಿಲ್ಲುವವರಿಗೆ ಏಪ್ರಿಲ್ ಬಿಸಿಲೇ ಒಂದು ಶಿಕ್ಷೆ. ಇಲ್ಲಿ ಹವಾಮಾನ ಎರಡು ಕಡೆಯಿಂದ ಹೊಡೆಯುತ್ತದೆ. ಬರದ ವರ್ಷ ಭತ್ತ ಸಿಗುವುದಿಲ್ಲ, ಸಿಕ್ಕರೆ ದುಬಾರಿ; ಹೊರಗಿನಿಂದ ತರಿಸಿದರೆ ಲಾರಿ ಬಾಡಿಗೆ ಮೇಲೆ ಬೀಳುತ್ತದೆ. ಮಳೆ ಅಕಾಲಕ್ಕೆ ಸುರಿದ ವರ್ಷ ಹರವಿದ ಭತ್ತ ನೆನೆದು ಹಾಳಾಗುತ್ತದೆ. ಲೀಟರಿನ ಮೇಲೆ ಅಳೆದು ಮಾರುವ ಮಂಡಕ್ಕಿಯ ದರವನ್ನು ಒಮ್ಮೆಗೇ ಏರಿಸಲೂ ಬರುವುದಿಲ್ಲ. ಮನೆಮಂದಿಯೆಲ್ಲ ದುಡಿಯುವ ಈ ಕಸುಬಿನಲ್ಲಿ ನಷ್ಟವನ್ನು ತುಂಬುವುದು ಮನೆಯವರ ದುಡಿಮೆಯಿಂದಲೇ. ಆ ದುಡಿಮೆಗೆ ಬರ ಪರಿಹಾರದ ಯಾವ ನಮೂನೆಯಲ್ಲೂ ಕಲಂ ಇಲ್ಲ.

ನಾಲೆಯಿಲ್ಲದ ಜಗಳೂರು ಸೀಮೆಯ, ಮೆಕ್ಕೆಜೋಳದ ಹೊಲಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಬಿತ್ತಿದ ಮೇಲೆ ಇಪ್ಪತ್ತು ದಿನ ಮಳೆ ಹಿಂದೆ ಸರಿದರೆ ಮರುಬಿತ್ತನೆಯ ಖರ್ಚು. 2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳು ಬಹುಬೇಗ ಇಲ್ಲಿಗೂ ಬಂತು. ಬಿಸಿ, ಒಣಹವೆ ಇದ್ದಾಗ ಅದರ ಹಾವಳಿ ಜಾಸ್ತಿ. ಆ ಸೀಮೆಯ ಕಷ್ಟವನ್ನು ಇನ್ನೊಮ್ಮೆ ವಿವರವಾಗಿ ಬರೆಯಬೇಕು.

ಪರಿಹಾರಕ್ಕೆ ಬರೋಣ. ರಾಜ್ಯ ಸರ್ಕಾರ 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತು. 18 ಸಾವಿರ ಕೋಟಿಗೂ ಹೆಚ್ಚು ಕೇಳಿ, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಪಡೆಯಿತು. ರಾಷ್ಟ್ರೀಯ ವಿಪತ್ತು ಪರಿಹಾರದ ಆಗಿನ ನಿಯಮದಂತೆ ನೀರಾವರಿ ಬೆಳೆಗೆ ಹೆಕ್ಟೇರ್‌ಗೆ 17,000 ರೂಪಾಯಿ, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರ್‌ವರೆಗೆ. ಎಕರೆಗೆ ಇಳಿಸಿದರೆ ಭತ್ತಕ್ಕೆ ಏಳು ಸಾವಿರವೂ ಇಲ್ಲ. ಬರಬೇಕಿದ್ದ ಹುಟ್ಟುವಳಿಯ ಎಂಟನೇ ಒಂದು ಪಾಲು. ಇದೂ ಬೆಳೆ ಹಾಕಿ ಒಣಗಿದವರಿಗೆ. ಸಮಿತಿಯ ಮಾತು ಕೇಳಿ ನಾಟಿಯನ್ನೇ ಮಾಡದೆ ಗದ್ದೆ ಬೀಳು ಬಿಟ್ಟವನಿಗೆ ಬೆಳೆಯೇ ಇಲ್ಲ, ಬೆಳೆ ಇಲ್ಲದ ಮೇಲೆ ಬೆಳೆ ನಷ್ಟವೂ ಇಲ್ಲ. ನಿಯಮ ಪಾಲಿಸಿದವನಿಗೆ ಸೊನ್ನೆ.

ವಿಮೆಯಲ್ಲೂ ಇಂಥದೇ ಒಂದು ತೊಡಕಿದೆ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಇದೆ. ರೈತನ ಕಂತು ವಿಮಾ ಮೊತ್ತದ ಶೇ 5. ಪರಿಹಾರ ತೀರ್ಮಾನವಾಗುವುದು ಆಯಾ ಪ್ರದೇಶದ ಮಳೆಮಾಪಕ, ಹವಾಮಾನ ಕೇಂದ್ರ ತೋರಿಸುವ ಅಂಕಿಯ ಮೇಲೆ. ಮಲೆನಾಡಿನ ತೋಟಕ್ಕೆ ಅದು ಸರಿ, ಅಲ್ಲಿ ಬಿದ್ದ ಮಳೆಯೇ ಅಲ್ಲಿನ ಬೆಳೆಯ ಭಾಗ್ಯ. ಭದ್ರಾ ಅಚ್ಚುಕಟ್ಟಿನ ತೋಟದ, ಗದ್ದೆಯ ಭಾಗ್ಯವಿರುವುದು ಕಳಸ, ಬಾಳೆಹೊನ್ನೂರಿನ ಮಳೆಯಲ್ಲಿ. ಹರಿಹರದ ಮಳೆಮಾಪಕ ವಾಡಿಕೆ ಮಳೆ ತೋರಿಸಿದ ವರ್ಷವೂ ನಾಲೆ ಒಣಗಿರಬಹುದು. ನಾಲೆಯ ನೀರನ್ನು ನೆಚ್ಚಿದ ಬೆಳೆಗೆ ಜಲಾಶಯದ ಮಟ್ಟವನ್ನೇ ಅಳತೆಗೋಲಾಗಿ ಇಟ್ಟ ವಿಮೆ ಬೇಕು. ಅಳೆಯುವುದು ಸುಲಭ, ಲಕ್ಕವಳ್ಳಿಯ ಮಟ್ಟ ದಿನವೂ ಪತ್ರಿಕೆಯಲ್ಲಿ ಬರುತ್ತದೆ.

ಇದರ ನಡುವೆ ಭದ್ರೆಯ ನೀರಿಗೆ ಹೊಸ ಹಕ್ಕುದಾರರೂ ಸೇರುತ್ತಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ಭದ್ರೆಗೆ ತಂದು, ಭದ್ರೆಯಿಂದ 29.9 ಟಿಎಂಸಿ ಎತ್ತಿ ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರಿನ ಬಯಲು ಮತ್ತು ನಮ್ಮದೇ ಜಗಳೂರಿಗೆ ಕೊಡಬೇಕು. 2025ರ ಜೂನ್‌ನಲ್ಲಿ ಬಲದಂಡೆ ನಾಲೆಯನ್ನು ಅಗೆದು ಕುಡಿಯುವ ನೀರು ಒಯ್ಯುವ ಕಾಮಗಾರಿಯ ವಿರುದ್ಧ ದಾವಣಗೆರೆಯಲ್ಲಿ ದೊಡ್ಡ ಹೋರಾಟ ನಡೆಯಿತು. ಜಗಳೂರಿನ ಬಾಯಾರಿಕೆ ಸುಳ್ಳಲ್ಲ, ಕೊನೆಭಾಗದವರ ಭಯವೂ ಸುಳ್ಳಲ್ಲ. ತುಂಬಿದ ವರ್ಷದ ಅಂಕಿ ಹಿಡಿದು ಎಲ್ಲರಿಗೂ ಮಾತು ಕೊಟ್ಟು, ತುಂಬದ ವರ್ಷ ಯಾರ ಪಾಲು ಎಷ್ಟು ಕಡಿಮೆ ಎಂದು ಬರೆದಿಡದೇ ಇರುವುದು ಈ ಜಗಳಗಳ ಬೇರು.

ಆದ್ದರಿಂದ ಬರೆದಿಡುವುದೇ ಮೊದಲ ಕೆಲಸ ಎಂಬುದು ನನ್ನ ಅಭಿಪ್ರಾಯ. ಇಂಥ ದಿನಾಂಕಕ್ಕೆ ಜಲಾಶಯದ ಮಟ್ಟ ಇಷ್ಟಿದ್ದರೆ ಎರಡು ಬೆಳೆಗೆ ನೀರು, ಇಷ್ಟಿದ್ದರೆ ಒಂದಕ್ಕೆ, ಅದಕ್ಕಿಂತ ಕೆಳಗಿದ್ದರೆ ತೋಟಕ್ಕೆ ಮಾತ್ರ ಎಂದು ಮೊದಲೇ ಗೊತ್ತಿರಬೇಕು. ಆಗ ಸಸಿಮಡಿ ಬಿಟ್ಟು, ಸಾಲ ತೆಗೆದು, ಆಮೇಲೆ ಸಭೆಯ ತೀರ್ಮಾನಕ್ಕೆ ಕಾಯುವ ಪಾಡು ತಪ್ಪುತ್ತದೆ. ಆನ್-ಆಫ್ ದಿನಗಳನ್ನು ನಾಲೆಯ ಬಾಯಿಯಲ್ಲಿ ಎಣಿಸದೆ ಕೊನೆಭಾಗದ ತೂಬಿನಲ್ಲಿ ಎಣಿಸಬೇಕು; ಅಲ್ಲಿ ನೀರು ಮುಟ್ಟಿದ ದಿನದಿಂದ ‘ಆನ್’ ಶುರು. ಇದಕ್ಕೆ ತೂಬಿನ ನೀರು ನೋಡಿಕೊಳ್ಳುವ ಸೌಡಿಗಳು ಬೇಕು, ನಾಲೆಯುದ್ದಕ್ಕೂ ಇಟ್ಟ ಅಕ್ರಮ ಪಂಪ್‌ಸೆಟ್‌ಗಳನ್ನು ಬರ ಬಂದ ಮೇಲೆ ಪೊಲೀಸರೊಂದಿಗೆ ಹೋಗಿ ಕೀಳುವ ಬದಲು ವರ್ಷವಿಡೀ ತಡೆಯಬೇಕು. ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆ ಬಿಗಿಗೊಳಿಸಿ ರಾಜ್ಯದ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯೂ ಆಗಿದೆ. ತೋಟದವರು ನಾಲೆ ನೀರನ್ನು ಹಾಯಿಸುವುದು ಬಿಟ್ಟು ಹನಿಗೆ ಬರಬೇಕು, ಹೊಂಡ ಮಾಡಿಕೊಂಡು ‘ಆನ್’ ದಿನದ ನೀರನ್ನು ಹಿಡಿದಿಡಬೇಕು. ಕೊನೆಭಾಗದ ಭತ್ತದವರಿಗೆ ಕೂರಿಗೆ ಭತ್ತ ಒಂದು ದಾರಿ. ಕೆಸರು ಮಾಡದೆ, ಮಳೆಯ ಹಸಿಗೇ ಬಿತ್ತಿ, ನಾಲೆ ನೀರನ್ನು ಕಾಯದೆ ಜುಲೈನಲ್ಲೇ ಬೆಳೆ ಎಬ್ಬಿಸಬಹುದು. ಕಳೆಯ ಕಾಟ ಹೆಚ್ಚು, ಅದನ್ನು ಮುಚ್ಚಿಡಬಾರದು. ಕತ್ತಲಗೆರೆಯ ಸಂಶೋಧನಾ ಕೇಂದ್ರ, ತರಳಬಾಳು ಕೃಷಿ ವಿಜ್ಞಾನ ಕೇಂದ್ರಗಳು ಕೊನೆಭಾಗದ ಹಳ್ಳಿಗಳಲ್ಲೇ ಗದ್ದೆ ಹಿಡಿದು ಇದನ್ನು ಮಾಡಿ ತೋರಿಸಬೇಕು, ಬಿಸಿಲಿಗೆ ಮೊದಲೇ ಹೊಡೆ ಬಿಚ್ಚುವ ಅಲ್ಪಾವಧಿ ತಳಿಗಳನ್ನೂ ಕೊಡಬೇಕು.

ಇನ್ನು ಬೀಳು ಬಿಟ್ಟವರ ಪಾಲು. ತೋಟ ಉಳಿಸಲೆಂದು ಸರ್ಕಾರವೇ ಭತ್ತ ನಿಲ್ಲಿಸಿದ ವರ್ಷ, ನಿಲ್ಲಿಸಿದ್ದಕ್ಕೇ ಎಕರೆಗೆ ಇಂತಿಷ್ಟು ಎಂದು ಆಯಾ ತೂಬಿನ ಅಚ್ಚುಕಟ್ಟು ಪಟ್ಟಿ ಹಿಡಿದು ಕೊಡಬೇಕು. ಅದರಲ್ಲೊಂದು ಪಾಲನ್ನು ಅಡಿಕೆ ವಹಿವಾಟಿನಿಂದ ಸಂಗ್ರಹಿಸಿದರೂ ತಪ್ಪಿಲ್ಲ. ಕೊನೆಭಾಗದವನ ನೀರಿನಿಂದ ಉಳಿದ ಫಸಲೇ ಅಲ್ಲವೇ ಅದು! ಗೇಣಿಗೆ ಗದ್ದೆ ಮಾಡುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಹಣ ಪಹಣಿಯಲ್ಲಿರುವವನಿಗೆ ಹೋಗಿ ಗೇಣಿದಾರ ಬರಿಗೈಯಲ್ಲಿ ನಿಲ್ಲದಂತೆ ನೋಡಬೇಕು. ನಾಟಿ ಗುಂಪುಗಳ ಹೆಣ್ಣುಮಕ್ಕಳಿಗೆ ಅದೇ ಜನವರಿಯಲ್ಲಿ ಹೊಲಗಾಲುವೆಯ ಹೂಳೆತ್ತುವ, ಕೊನೆಭಾಗದ ತೂಬುಗಳನ್ನು ದುರಸ್ತಿ ಮಾಡುವ ಕೆಲಸವನ್ನು ಕೊಡಬಹುದು. ನಾಲೆ ಒಣಗಿರುವ ಆ ದಿನಗಳಲ್ಲೇ ಆ ಕೆಲಸ ಆಗಬೇಕಾದದ್ದು. ಪ್ರತಿ ಪಂಚಾಯಿತಿಯಲ್ಲೂ ಯಾವ ಗುಂಪಿನಲ್ಲಿ ಎಷ್ಟು ಜನ, ಹೋದ ವರ್ಷ ಎಷ್ಟು ಎಕರೆ ನಾಟಿ ಹಿಡಿದಿದ್ದರು ಎಂಬ ಪಟ್ಟಿ ಡಿಸೆಂಬರ್‌ನೊಳಗೆ ಸಿದ್ಧವಾದರೆ, ಬೇಸಿಗೆ ಬೆಳೆಗೆ ನೀರಿಲ್ಲ ಎಂದು ಸಮಿತಿ ಹೇಳುವ ದಿನವೇ ಅವರ ಕೈಗೂ ಕೆಲಸದ ಚೀಟಿ ಕೊಡಲು ಬರುತ್ತದೆ.